ನಿಂಬೆರಸಕ್ಕೆ ನೊರೆಯೇಳದ ಕಲ್ಲು

ನನ್ನ ಅಕ್ಕನ ಗಂಡ ಆಲ್ಪ್ಸ್ ಪರ್ವತಶ್ರೇಣಿಯ ಒಂದು ಶಿಖರವನ್ನು ಹತ್ತಿದ್ದರೆಂಬ ಮಾತನ್ನು, ಅವರು ರಜೆಗೆ ಊರಿಗೆ ಬಂದಾಗಲೆಲ್ಲ ಕೇಳಿದ್ದರೂ, ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಂಬಿರಲಿಲ್ಲ. ನಂಬದಿರಲು ನನ್ನಲ್ಲಿ ಕಾರಣಗಳಿದ್ದವು. ನಂಬಿಸಲು ಅವರಲ್ಲಿದ್ದದ್ದು ಒಂದು ಕಲ್ಲು. ಮುಷ್ಟಿಯಲ್ಲಿ ಹಿಡಿಸುವಷ್ಟು ಗಾತ್ರ, ಬೂದಿ ಬೆರೆಸಿದಂಥ ಬಿಳಿ ಬಣ್ಣ; ಒಂದು ಮಗ್ಗುಲು ಒಡೆದು ಅಂಚು ಚೂಪಾಗಿತ್ತು. ಹ್ಯೂಸ್ಟನ್ನಿನ ಅವರ ಮನೆಯಲ್ಲಿ ಅದು ಫೋನಿನ ಪಕ್ಕದಲ್ಲಿರುತ್ತಿತ್ತು. ಬಂದವರು ಎತ್ತಿ ನೋಡಿ "ಇದೇನು?" ಎಂದು ಕೇಳಲಿ ಎಂದೇ ಅಲ್ಲಿಟ್ಟಿದ್ದಾರೆಂಬುದು ನನ್ನ ಅಭಿಪ್ರಾಯವಾಗಿತ್ತು. ಯಾರಾದರೂ ಕೇಳಿದರೆ ಕಥೆ ಆರಂಭವಾಗುತ್ತಿತ್ತು, ಅಕ್ಕ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದಳು. ಕಥೆ ಮುಗಿಯುವುದಕ್ಕೂ ಚಹಾ ಬರುವುದಕ್ಕೂ ಸರಿಹೋಗುತ್ತಿತ್ತು.

ಕಥೆ ಇಷ್ಟು. ಭಾವ ತಾರುಣ್ಯದಲ್ಲಿ ಸಿಮೆಂಟ್ ಕಾರ್ಖಾನೆಯ ಯಂತ್ರಗಳ ಕೆಲಸ ಕಲಿಯಲು ಜರ್ಮನಿಗೆ ಹೋಗಿ ಎರಡು ವರ್ಷ ಇದ್ದರು. ಒಂದು ಬೇಸಿಗೆಯಲ್ಲಿ, ಜೊತೆಗೆ ಕೆಲಸ ಕಲಿಯುತ್ತಿದ್ದ ಇಬ್ಬರು ಜರ್ಮನ್ ಗೆಳೆಯರು ಅವರನ್ನು ಆಸ್ಟ್ರಿಯಾದ ಗಡಿಯ ಹತ್ತಿರದ ಒಂದು ಶಿಖರಕ್ಕೆ ಕರೆದುಕೊಂಡು ಹೋದರು. ಇಡೀ ಬೆಟ್ಟ ಸುಣ್ಣದ ಕಲ್ಲಿನದು. ಕೊನೆಯ ಭಾಗದಲ್ಲಿ ಬಂಡೆಗೆ ಜಡಿದ ಉಕ್ಕಿನ ಹಗ್ಗವನ್ನು ಹಿಡಿದು ಹತ್ತಬೇಕು. ತುದಿಯಲ್ಲಿ ಒಂದು ಶಿಲುಬೆ, ಅದರ ಬುಡದಲ್ಲಿ ತಗಡಿನ ಡಬ್ಬಿ, ಡಬ್ಬಿಯಲ್ಲಿ ಹತ್ತಿದವರೆಲ್ಲ ಹೆಸರು ಬರೆಯುವ ಪುಸ್ತಕ. ಭಾವ ಆ ಪುಸ್ತಕದಲ್ಲಿ ಕನ್ನಡದಲ್ಲಿ ತಮ್ಮ ಹೆಸರು ಬರೆದು, ಕಾಲ ಬಳಿ ಬಿದ್ದಿದ್ದ ಒಂದು ಕಲ್ಲನ್ನು ಜೇಬಿಗೆ ಹಾಕಿಕೊಂಡು ಇಳಿದರು.

ನಾನು ಶಹಾಬಾದಿನ ಕಡೆಯವನು. ಹತ್ತನೆಯ ಇಯತ್ತೆಯ ನಂತರ ಶಾಲೆಯ ಮುಖ ನೋಡಿದವನಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದೆ. ಓದಿದ್ದೆಲ್ಲ ಊರಿನ ವಾಚನಾಲಯದಲ್ಲಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು. ಮಾಲೀಕರ ತಂದೆ ಆ ಖಣಿಯನ್ನು ಕಂಡುಹಿಡಿದರೆಂದು ಕಚೇರಿಯ ಗೋಡೆಯಲ್ಲಿ ಕೆತ್ತಿಸಿದ ಕಲ್ಲೊಂದಿತ್ತು. ಖಣಿಯಾಗುವ ಮೊದಲು ಆ ಹೊಲದಲ್ಲಿ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ತನ್ನ ಗುಡಿಸಲಿನ ಹೊಸ್ತಿಲಿಗೆಂದು ಚಪ್ಪಡಿ ಎಬ್ಬಿಸಿದ್ದನ್ನು ಕಂಡ ಮೇಲೆಯೇ ಅವರು ಹೊಲ ಕೊಂಡದ್ದೆಂದು ಕಲ್ಲೊಡೆಯುವವರೆಲ್ಲ ಹೇಳುತ್ತಿದ್ದರು. ಆ ಮುದುಕಿಯನ್ನು ನಾನೇ ನೋಡಿದ್ದೆ. ಅಂದಿನಿಂದ, ಕೆತ್ತಿದ್ದಾಗಲಿ ಅಚ್ಚಾದದ್ದಾಗಲಿ, ಓದಿದ ಕೂಡಲೇ ಇದನ್ನು ಕಂಡವರು ಯಾರು, ಬರೆದವರು ಯಾರು ಎಂದು ಕೇಳುವುದು ನನಗೆ ಅಭ್ಯಾಸವಾಯಿತು. ಅದರಿಂದ ನಾನು ಅನೇಕ ತಪ್ಪುಗಳಿಂದ ಪಾರಾಗಿದ್ದೇನೆ. ಅನೇಕ ಸ್ನೇಹಗಳಿಂದಲೂ ಪಾರಾಗಿದ್ದೇನೆ.

ನನ್ನನ್ನು ಕರೆಸಿಕೊಳ್ಳಲು ಅಕ್ಕ ಎಂದೋ ಹಾಕಿದ್ದ ವಲಸೆಯ ಅರ್ಜಿ ಫಲಿಸಿ, ತೊಂಬತ್ತರ ದಶಕದ ಕೊನೆಯಲ್ಲಿ ನಾನು ಟೆಕ್ಸಸ್‌ಗೆ ಬಂದಾಗ ನನಗೆ ಐವತ್ತೆಂಟು ದಾಟಿತ್ತು. ಮದುವೆಯ ಗೋಜಿಗೆ ಹೋದವನಲ್ಲವಾದ್ದರಿಂದ ಒಂದು ಪೆಟ್ಟಿಗೆಯಲ್ಲಿ ಬಂದು ಇಳಿದೆ. ಹ್ಯೂಸ್ಟನ್ನಿನ ಪಕ್ಕದ ಸ್ಟಾಫರ್ಡ್‌ನಲ್ಲಿ ಗುಜರಾತಿ ಸೇಠರೊಬ್ಬರ ಕಲ್ಲಿನ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಅಡುಗೆಮನೆಯ ಕಟ್ಟೆಗೆ ಹಾಕುವ ಗ್ರಾನೈಟ್, ಮಾರ್ಬಲ್ ಚಪ್ಪಡಿಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿರುತ್ತಿದ್ದರು. ಯಾವ ಕಲ್ಲು ಹುಳಿ ತಾಳುತ್ತದೆ, ಯಾವುದು ತಾಳುವುದಿಲ್ಲ ಎಂದು ಕೊಳ್ಳುವವರಿಗೆ ಹೇಳುವುದು ನನ್ನ ಪಾಲಿನ ಕೆಲಸ. ಅದಕ್ಕೆ ನನಗೆ ಬೇಕಾಗಿದ್ದದ್ದು ಒಂದು ನಿಂಬೆಹಣ್ಣು. ನಮ್ಮ ಕಡೆಯ ಮನೆಗಳ ನೆಲವೆಲ್ಲ ಫರಸಿ, ಅಂದರೆ ಸುಣ್ಣದ ಕಲ್ಲು. ನಿಂಬೆಯ ರಸ ಬಿದ್ದರೆ ಸಣ್ಣಗೆ ನೊರೆಯೆದ್ದು, ಒರೆಸಿದ ಮೇಲೂ ಬಿಳಿಯ ಕಲೆ ಉಳಿಯುತ್ತದೆ. ಹಣ್ಣು ಹೆಚ್ಚುವಾಗ ಕೆಳಗೆ ತಟ್ಟೆಯೋ ಪರಾತವೋ ಇಡದಿದ್ದರೆ ನಮ್ಮ ತಾಯಿ ಬೆನ್ನಿಗೆ ಗುದ್ದುತ್ತಿದ್ದಳು. ನೊರೆ ಬಂದರೆ ಸುಣ್ಣದ ಕಲ್ಲು, ಬಾರದಿದ್ದರೆ ಅಲ್ಲ: ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಆದ್ದರಿಂದಲೇ ಅದನ್ನು ಎಂದೂ ಪ್ರಶ್ನಿಸಿದವನಲ್ಲ.

ನಾನು ಬಂದ ಮೂರನೆಯ ವರ್ಷ ಅಕ್ಕ ತೀರಿಕೊಂಡಳು. ಭಾವ ಮನೆ ಮಾರಿ, ಆಸ್ಟಿನ್ನಿನ ಉತ್ತರಕ್ಕೆ ಲಿಯಾಂಡರ್‌ನಲ್ಲಿದ್ದ ಮಗಳ ಮನೆಗೆ ಹೋದರು. ನಾನು ಸ್ಟಾಫರ್ಡ್‌ನ ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಉಳಿದೆ. ಗೋದಾಮಿನಲ್ಲಿ ನಾನು ಎಲ್ಲರಿಗೂ "ಅಂಕಲ್" ಆಗಿದ್ದೆ. ಅಕ್ಕ ಹೋದ ಮೇಲೆ, ನಮ್ಮ ಕಡೆಯ ಮಾತಿನಲ್ಲಿ ನನ್ನನ್ನು "ನೀ" ಎನ್ನುವವರು ಭೂಮಿಯ ಈ ಮಗ್ಗುಲಲ್ಲಿ ಭಾವ ಒಬ್ಬರೇ. ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಫೋನ್ ಮಾಡುತ್ತಿದ್ದರು. ತಿಂಗಳಿಗೊಮ್ಮೆ ನಾನು ಮೂರು ತಾಸು ಡ್ರೈವ್ ಮಾಡಿ ಲಿಯಾಂಡರ್‌ಗೆ ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ಸಂಜೆ ಅಪಾರ್ಟ್‌ಮೆಂಟಿನ ಬಾಗಿಲು ತೆರೆದು ಒಳಗೆ ಹೋದವನು ಮರುದಿನ ಬೆಳಿಗ್ಗೆ ಸೇಠರಿಗೆ "ಗುಡ್ ಮಾರ್ನಿಂಗ್" ಹೇಳುವವರೆಗೆ ನನ್ನ ಧ್ವನಿಯನ್ನು ನಾನೇ ಕೇಳುತ್ತಿರಲಿಲ್ಲ.

ಲಿಯಾಂಡರ್‌ನಲ್ಲಿ ಆಗ ಎಲ್ಲೆಡೆ ಹೊಸ ಮನೆಗಳೇಳುತ್ತಿದ್ದವು. ರಸ್ತೆಗಾಗಿ ಗುಡ್ಡ ಕಡಿದಲ್ಲಿ ಬಿಳಿಯ ಸುಣ್ಣದ ಕಲ್ಲು ಪದರ ಪದರವಾಗಿ ಕಾಣುತ್ತಿತ್ತು. ನಡುವೆ ಅಂಗೈಯಗಲದ ಕಡಲ ಚಿಪ್ಪುಗಳು. ನಾವಿಬ್ಬರೂ ಅಲ್ಲಿಯವರೆಗೆ ನಡೆದು ಹೋಗಿ ನಿಲ್ಲುತ್ತಿದ್ದೆವು.

"ನೋಡೋ, ಇದೂ ಸಮುದ್ರದ ತಳಾನ, ನನ್ನ ಬೆಟ್ಟಾನೂ ಸಮುದ್ರದ ತಳಾನ. ಅದು ಎದ್ದು ನಿಂತದ, ಇದು ಮಲಗ್ಯದ, ಅಷ್ಟ ಫರಕು," ಎನ್ನುತ್ತಿದ್ದರು ಭಾವ.

"ಯಾರ ಹೇಳಿದ್ರು?"

"ಪುಸ್ತಕದಾಗ ಅದ."

"ಬರೆದಾಂವ ಸಮುದ್ರದಾಗ ನಿಂತು ನೋಡಿದ್ದನೇನು?"

"ಇಲ್ಲ. ನಿನ್ನ ಕೇಳಿ ಬರೀಬೇಕಿತ್ತು ಪಾಪ, ಅವಗ ನಿನ್ನ ಫೋನ್ ನಂಬರ್ ಸಿಕ್ಕಿರಲಿಕ್ಕಿಲ್ಲ."

ನಾನು ಆ ಶಿಖರದ ಬಗ್ಗೆ ಹ್ಯೂಸ್ಟನ್ನಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಬೆಚ್ಚನೆಯ, ಆಳವಿಲ್ಲದ ಕಡಲೊಂದರ ತಳದಲ್ಲಿ ಸುಣ್ಣದ ಕೆಸರು ಯುಗಯುಗಗಳ ಕಾಲ ಕೂತು ಕಲ್ಲಾಯಿತು. ದಕ್ಷಿಣದ ನೆಲ ಉತ್ತರದ ನೆಲವನ್ನು ಒತ್ತಿದಾಗ ಆ ಹಾಸು ಮಡಿಸಿಕೊಂಡು, ಹರಿದು, ಒಂದರ ಮೇಲೊಂದು ಜಾರಿ ಬೆಟ್ಟವಾಯಿತು ಎಂದು ಬರೆದಿತ್ತು. ಇದರಲ್ಲಿ ನನಗೆ ಹೆಚ್ಚಿನ ತಕರಾರಿರಲಿಲ್ಲ. ಚಿಪ್ಪುಗಳನ್ನು ನಾನೇ ಲಿಯಾಂಡರ್‌ನಲ್ಲಿ ಕಣ್ಣಾರೆ ನೋಡಿದ್ದೆ. ತಕರಾರಿದ್ದದ್ದು ಹತ್ತಿದವರ ಚರಿತ್ರೆಯಲ್ಲಿ. ನಕ್ಷೆ ಮಾಡಲು ಬಂದ ಸೈನ್ಯದ ಮೋಜಣಿ ಅಧಿಕಾರಿಯೊಬ್ಬ, ಕಣಿವೆಯ ಒಬ್ಬ ದಾರಿಗಾರನನ್ನು ಜೊತೆಗಿಟ್ಟುಕೊಂಡು ಮೊದಲ ಬಾರಿಗೆ ಶಿಖರ ಮುಟ್ಟಿದನೆಂದು ಪುಸ್ತಕ ಹೇಳುತ್ತಿತ್ತು. ದಾರಿ ತೋರಿಸುವವನಿಗೆ ದಾರಿ ಗೊತ್ತಿರಬೇಡವೇ? ಗೊತ್ತಿದ್ದರೆ ಅವನು ಮೊದಲೇ ಹೋಗಿರಬೇಡವೇ? ಕಾಡಾಡಿನ ಹಿಂದೆ ಹೋದ ಬೇಟೆಗಾರ, ತಪ್ಪಿಸಿಕೊಂಡ ಕುರಿಯನ್ನು ಹುಡುಕಿ ಹೋದ ಕುರುಬ, ಇವರು ಯಾರೂ ಪುಸ್ತಕ ಬರೆಯಲಿಲ್ಲ. ಆದ್ದರಿಂದ ಅವರು ಹತ್ತಲಿಲ್ಲ.

ಇದನ್ನು ನಾನು ಭಾವನಿಗೆ ವಿವರಿಸಿದಾಗ ಅವರು ಬೆಂಚಿನ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. "ಹೆಸರಿಲ್ಲದ ಕುರುಬ ಹತ್ಯಾನಂದ್ರ ನಂಬತಿ. ಎದುರಿಗೆ ಕೂತ ಭಾವ ಹತ್ಯಾನಂದ್ರ ನಂಬೂದಿಲ್ಲ. ನಾನೂ ಎರಡು ಆಡು ಕಟಗೊಂಡು ಹೋಗಿದ್ರ ನಂಬತಿದ್ದಿ ನೋಡು," ಎಂದರು.

ನಾನು ನಕ್ಕೆ. ಆದರೆ ನಂಬಲಿಲ್ಲ. ಅವರ ಕಥೆಯ ಪ್ರತಿಯೊಂದು ಆವೃತ್ತಿಯೂ ನನ್ನ ತಲೆಯಲ್ಲಿತ್ತು. ಒಮ್ಮೆ ನಸುಕಿನ ಮೂರಕ್ಕೆ ಹೊರಟೆವೆಂದಿದ್ದರು, ಇನ್ನೊಮ್ಮೆ ನಾಲ್ಕಕ್ಕೆ. ಒಮ್ಮೆ ಬೂಟು ಗೆಳೆಯನದು, ಇನ್ನೊಮ್ಮೆ ಗೆಳೆಯನ ಅಣ್ಣನದು. ತುದಿಯಲ್ಲಿ ಹಳದಿ ಕೊಕ್ಕಿನ ಕಾಗೆಗಳು ಬ್ರೆಡ್ ಕೇಳಲು ಬಂದವೆನ್ನುತ್ತಿದ್ದರು. ಹಳದಿ ಕೊಕ್ಕಿನ ಕಾಗೆಯನ್ನು ಯಾರು ಕಂಡಿದ್ದಾರೆ? ಖಣಿಯಲ್ಲಿ ಗಾಡಿಗಳ ಲೆಕ್ಕ ತಾಳೆ ನೋಡುತ್ತಿದ್ದವನು ನಾನು. ಒಂದೇ ಮಾತನ್ನು ನಾಲ್ಕು ಸಲ ಹೇಳಿಸಿ, ನಾಲ್ಕನ್ನೂ ಪಕ್ಕಪಕ್ಕಕ್ಕಿಟ್ಟು ನೋಡುವುದು ನನ್ನ ಕೈಗೆ ಹತ್ತಿದ ಕೆಲಸ.

ಆಸ್ಟಿನ್ನಿನಲ್ಲಿ ಭೂವಿಜ್ಞಾನ ಓದುತ್ತಿದ್ದ ಮೈಸೂರಿನ ಹುಡುಗಿಯೊಬ್ಬಳು ಅಲ್ಲಿನ ಕನ್ನಡಿಗರ ಯುಗಾದಿ ಸಂಚಿಕೆಗೆ ಲೇಖನ ಸಂಗ್ರಹಿಸುತ್ತಿದ್ದಳು. ಭಾವನ ಬೆಟ್ಟದ ಸುದ್ದಿ ಹೇಗೋ ಅವಳ ಕಿವಿಗೆ ಬಿದ್ದು, ಬರೆದುಕೊಡಿ ಎಂದು ಕೇಳಿದಳು. ಭಾವನ ಕೈ ನಡುಗುತ್ತಿತ್ತು. ಅವರು ಹೇಳುವುದು, ನಾನು ಬರೆಯುವುದು ಎಂದಾಯಿತು. ಎರಡು ಶನಿವಾರ ಕುಳಿತೆವು. ಆ ಎರಡೂ ದಿನ ಅವರು ಮಾತಿನ ನಡುವೆ ನಿಲ್ಲುತ್ತಿದ್ದರು. ಗೆಳೆಯರಲ್ಲೊಬ್ಬನ ಹೆಸರು ನೆನಪಾಗದೆ ಕಿಟಕಿಯ ಕಡೆ ನೋಡುತ್ತಿದ್ದರು. "ನಿನಗ ನೆನಪದ ಏನೋ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಹೆಸರು ಹೇಳುತ್ತಿದ್ದೆ, ಮತ್ತು ಕಾಗದದ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. ನಡೆದದ್ದನ್ನು ಯಾರಾದರೂ ಮರೆಯುತ್ತಾರೆಯೇ, ಕಟ್ಟಿ ಹೇಳಿದ್ದನ್ನು ಮಾತ್ರ ಮರೆಯುತ್ತಾರೆ ಎಂದು ಅಂದುಕೊಂಡೆ. ಇಂಥ ದಡ್ಡತನದ ಮಾತನ್ನು ನಾನು ಬೇರೆಯವರ ಪುಸ್ತಕದಲ್ಲಿ ಓದಿದ್ದರೆ ಹರಿದು ಎಸೆಯುತ್ತಿದ್ದೆ.

ಮೂರನೆಯ ಶನಿವಾರ ಹುಡುಗಿ ಲೇಖನ ಒಯ್ಯಲು ಬಂದಳು. ಭಾವನ ಮಗಳು ಊಟಕ್ಕೆ ಇನ್ನೂ ಎರಡು ಮನೆಯವರನ್ನು ಕರೆದಿದ್ದಳು, ಬೆಂಗಳೂರಿನವರು, ಸಾಫ್ಟ್‌ವೇರಿನವರು. ಊಟವಾದ ಮೇಲೆ ಕಲ್ಲು ಕೈಯಿಂದ ಕೈಗೆ ಹೋಯಿತು.

"ಇದು ನಿಜವಾಗ್ಲೂ ಸಮಿಟ್‌ದಾ ಅಂಕಲ್? ವಾವ್! ಫೋಟೋ ಹಾಕೋಣ," ಎಂದಳು ಹುಡುಗಿ.

"ಮುಟ್ಟಿ ನೋಡವ್ವಾ. ಅಪ್ಪಟ ಸುಣ್ಣದ ಕಲ್ಲು."

"ಸುಣ್ಣದ ಕಲ್ಲಾದ್ರ ನಿಂಬಿಹಣ್ಣು ಹಿಂಡಿ ನೋಡೋಣಲ್ಲ ಭಾವಾ," ಎಂದೆ ನಾನು.

ಮಗಳಿಗೆ ನನ್ನ ದನಿ ಗೊತ್ತಿತ್ತು. "ಮಾಮಾ, ಈಗ ಬ್ಯಾಡ. ಪ್ಲೀಸ್," ಎಂದಳು.

ಭಾವ ನಗುತ್ತಿದ್ದರು. "ಹಿಂಡಲಿ ಬಿಡು. ಮೂವತ್ತು ವರ್ಷದಿಂದ ಅವನ ಹೊಟ್ಟ್ಯಾಗ ಅದ."

ನಾನು ಅಂಗಳದ ಹೂವಿನ ಪಾತಿಯ ಅಂಚಿಗಿಟ್ಟಿದ್ದ ಲಿಯಾಂಡರಿನದೇ ಸುಣ್ಣದ ಕಲ್ಲೊಂದನ್ನು ತಂದೆ. ಮೊದಲು ಅದರ ಮೇಲೆ ಹಿಂಡಿದೆ. ಸಣ್ಣ ಸಣ್ಣ ಗುಳ್ಳೆಗಳೆದ್ದವು. ಎಲ್ಲರೂ ಬಗ್ಗಿ ನೋಡಿದರು. ನಂತರ ಶಿಖರದ ಕಲ್ಲಿನ ಮೇಲೆ ಹಿಂಡಿದೆ. ರಸ ನೀರಿನ ಹಾಗೆ ನಿಂತಿತು. ಒಂದು ನಿಮಿಷ ಕಾದೆವು. ಇನ್ನೊಂದು ಹೋಳು ತರಿಸಿ ಹಿಂಡಿದೆ. ಏನೂ ಇಲ್ಲ.

"ಅಂಕಲ್, ಸ್ವಲ್ಪ ಕೆರೆದು ಪುಡಿ ಮಾಡಿ ಹಾಕಿ ನೋಡಬೇಕು, ಒಂದೊಂದು ಸಲ..." ಎಂದಳು ಹುಡುಗಿ.

"ಇಪ್ಪತ್ತೆರಡು ವರ್ಷ ಸುಣ್ಣದ ಕಲ್ಲಿನ ಖಣಿಯಾಗ ಇದ್ದೆನವ್ವಾ. ನೀ ಹುಟ್ಟೂದರ ಮೊದಲಿಂದ."

ಭಾವ ಕಲ್ಲನ್ನು ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸಿದರು. ನಗು ಹೋಗಿತ್ತು. "ಹಂಗಾದ್ರ ಎಲ್ಲಿದೋ ಇದು?" ಎಂದು ನನ್ನನ್ನು ಕೇಳಿದರು, ಬಹಳ ಮೆಲ್ಲಗೆ.

ಅದನ್ನು ನಾನು ನಾಟಕವೆಂದುಕೊಂಡೆ. "ಎಲ್ಲ್ಯೋ ಬಸ್ ಸ್ಟ್ಯಾಂಡಿನಾಗ ಸಿಕ್ಕಿರಬೇಕು," ಎಂದೆ. ಯಾರೋ ನಕ್ಕರು. ಭಾವ ಹುಡುಗಿಯ ಕೈಯಿಂದ ಲೇಖನದ ಹಾಳೆಗಳನ್ನು ತೆಗೆದುಕೊಂಡು, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ತಮ್ಮ ಕೋಣೆಗೆ ಹೋದರು.

ಮುಂದಿನ ರವಿವಾರ ಒಂಬತ್ತಕ್ಕೆ ಫೋನ್ ಬರಲಿಲ್ಲ. ಅದರ ಮುಂದಿನ ರವಿವಾರವೂ ಬರಲಿಲ್ಲ. ಸುಳ್ಳು ಸಿಕ್ಕಿಬಿದ್ದವರಿಗೆ ಸಿಟ್ಟು ಬರುವುದು ಸಹಜ, ತಾನಾಗಿ ಇಳಿಯುತ್ತದೆ ಎಂದು ನಾನು ನನಗೆ ಹೇಳಿಕೊಂಡೆ. ತಿಂಗಳ ಮೊದಲ ಶನಿವಾರ ಬಂದಾಗ ಕಾರಿಗೆ ಪೆಟ್ರೋಲ್ ಹಾಕಿಸಿ, ಹೆದ್ದಾರಿಯ ತಿರುವಿನವರೆಗೆ ಹೋಗಿ, ಮರಳಿ ಬಂದೆ. ಕರೆಯದ ಮನೆಗೆ ಹೋಗುವುದು ನನ್ನ ಜಾಯಮಾನವಲ್ಲ. ಹೀಗೆ ಒಂದು ಬೇಸಿಗೆ, ಒಂದು ಚಳಿಗಾಲ ಕಳೆದವು. ರವಿವಾರ ಒಂಬತ್ತರಿಂದ ಹತ್ತರವರೆಗೆ ನಾನು ಬಟ್ಟೆ ಒಗೆಯಲು ಕೂಡ ಕೆಳಗೆ ಹೋಗುತ್ತಿರಲಿಲ್ಲ. ನನ್ನ ಮಾತೇ ಗೆದ್ದಿತ್ತು. ಗೆದ್ದ ಮಾತನ್ನು ಆಡಿ ತೋರಿಸಲು ಯಾರೂ ಇರಲಿಲ್ಲ.

ಆ ಚಳಿಗಾಲದ ಕೊನೆಯಲ್ಲಿ ಗೋದಾಮಿಗೆ ಹೊಸದೊಂದು ಬಿಳಿಯ ಚಪ್ಪಡಿ ಬಂತು; ಮಾರ್ಬಲ್ಲಿನ ಚೆಲುವು, ಗ್ರಾನೈಟಿನ ಗಟ್ಟಿತನ ಎಂದು ಕಳಿಸಿದವರು ಹೇಳಿದ್ದರು. ನಾನು ನಂಬದೆ ನಿಂಬೆ ಹಿಂಡಿದೆ. ನೊರೆ ಬರಲಿಲ್ಲ. ಹುಳಿಗೆ ಹೆದರುವ ಕಲ್ಲಲ್ಲ ಎಂದು ಕೊಳ್ಳಲು ಬಂದ ದಂಪತಿಗೆ ಹೇಳಿದೆ. ಎರಡು ತಿಂಗಳಿಗೆ ಆ ಮನೆಯ ಹೆಂಗಸು ಫೋನ್ ಮಾಡಿದಳು. ಹೋಗಿ ನೋಡಿದರೆ, ನಯವಾದ ಕಟ್ಟೆಯ ಮೇಲೆ ನಿಂಬೆಯ ಹೋಳುಗಳನ್ನು ಬಹಳ ಹೊತ್ತು ಬಿಟ್ಟಿದ್ದ ಜಾಗಗಳಲ್ಲಿ ಹೊಳಪು ಸತ್ತ ಉಂಗುರಗಳು. ನಾನು ಚಾಕುವಿನಿಂದ ಕಟ್ಟೆಯ ಅಡಿಯ ಅಂಚನ್ನು ಕೆರೆದೆ. ಅಂಗೈಗೆ ಬಿದ್ದ ಚಿಟಿಕೆ ಪುಡಿಯ ಮೇಲೆ ನಿಂಬೆ ಹಿಂಡಿದೆ. ನಿಧಾನವಾಗಿ, ಒಲ್ಲದ ಮನಸ್ಸಿನಿಂದೆಂಬಂತೆ, ಗುಳ್ಳೆಗಳೆದ್ದವು. ಗೋದಾಮಿನಿಂದ ತಂದಿದ್ದ ಆಸಿಡ್ಡಿನ ಹನಿಯೊಂದನ್ನು ಇನ್ನಷ್ಟು ಪುಡಿಗೆ ಹಾಕಿದಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಆ ಅಪರಿಚಿತರ ಅಡುಗೆಮನೆಯಲ್ಲಿ ನಾನು ನೆಲದ ಮೇಲೆ ಕುಳಿತುಬಿಟ್ಟೆ. ಹೆಂಗಸು ನೀರು ತಂದುಕೊಟ್ಟಳು. ನನಗೆ ಮೈ ಸರಿಯಿಲ್ಲವೆಂದುಕೊಂಡಳು.

ಆಸ್ಟಿನ್ನಿನ ಹುಡುಗಿಯ ನಂಬರನ್ನು ಹುಡುಕಿ ಫೋನ್ ಮಾಡಿ, ಕಟ್ಟೆಯ ಪುಡಿಯಲ್ಲಿ ಕಂಡದ್ದನ್ನು ಹೇಳಿದೆ.

"ಅದು ಡಾಲೊಮೈಟ್ ಅಂಕಲ್," ಎಂದಳು. "ಸುಣ್ಣದ ಕಲ್ಲಿಗೆ ಮೆಗ್ನೀಷಿಯಂ ಸೇರಿದ್ರೆ ಹಾಗಾಗತ್ತೆ. ಗಟ್ಟಿ ಕಲ್ಲಿನ ಮೇಲೆ ನಿಂಬೆ ಹಾಕಿದ್ರೆ ಏನೂ ಕಾಣಲ್ಲ, ಪುಡಿ ಮಾಡಿದ್ರೆ ಕಾಣತ್ತೆ. ಆ ಬೆಟ್ಟಗಳಲ್ಲಿ ಎರಡೂ ಇರತ್ತೆ. ಒಟ್ಟಿಗೆ ಲೈಮ್‌ಸ್ಟೋನ್ ಅಂದ್ಬಿಡ್ತಾರೆ."

"ಅವತ್ತ ಯಾಕ ಹೇಳಲಿಲ್ಲವ್ವಾ?"

"ಹೇಳಕ್ಕೆ ಬಂದೆ ಅಂಕಲ್. ನೀವು ಬಿಡಲಿಲ್ಲ."

ಎಲ್ಲ ಪುಸ್ತಕಗಳನ್ನೂ ಅನುಮಾನಿಸಿದ ನಾನು, ಬೆಟ್ಟವೆಲ್ಲ ಸುಣ್ಣದ ಕಲ್ಲು ಎಂಬ ಒಂದು ಮಾತನ್ನು ಮಾತ್ರ ಅನುಮಾನಿಸಿರಲಿಲ್ಲ. ಏಕೆಂದರೆ ಅದು ನನಗೆ ಬೇಕಾದ ಮಾತಾಗಿತ್ತು. ನನ್ನ ತಾಯಿಯ ಅಡುಗೆಮನೆಯ ನೆಲವನ್ನು ನಾನು ಇಡೀ ಭೂಮಿಗೆ ಹಾಸಿಬಿಟ್ಟಿದ್ದೆ. ಭಾವನ ಕಲ್ಲು ಡಾಲೊಮೈಟ್ ಆಗಿದ್ದರೂ ಅವರು ಶಿಖರ ಹತ್ತಿದರೆಂದು ಅದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ನಾನು ಎಲ್ಲರೆದುರು ಮಂಡಿಸಿದ್ದ ಸಾಕ್ಷಿ ಸಾಕ್ಷಿಯೇ ಅಲ್ಲವೆಂದು ಸಾಬೀತಾಗಿತ್ತು. ಗ್ರಂಥಾಲಯಕ್ಕೆ ಹೋಗಿ ಆ ಪರ್ವತಗಳ ಹಕ್ಕಿಗಳ ಬಗ್ಗೆಯೂ ನೋಡಿದೆ. ಹಳದಿ ಕೊಕ್ಕಿನ ಕಾಗೆಯ ಚಿತ್ರ ಇಡೀ ಪುಟದ ತುಂಬ ಇತ್ತು.

ಇಷ್ಟಾದ ಮೇಲೂ ಫೋನ್ ಎತ್ತಲು ನನಗೆ ಮೂರು ವಾರ ಬೇಕಾಯಿತು. ಲಿಯಾಂಡರ್‌ನ ನಂಬರ್ ಚಾಲ್ತಿಯಲ್ಲಿಲ್ಲವೆಂದು ಒಂದು ಯಂತ್ರದ ಹೆಣ್ಣುದನಿ ಹೇಳಿತು. ಹುಡುಗಿಯ ಮೂಲಕವೇ ಹೊಸ ನಂಬರ್ ಸಿಕ್ಕಿತು. ಮಗಳಿಗೆ ಡ್ಯಾಲಸ್‌ನಲ್ಲಿ ಕೆಲಸವಾಗಿ, ಎಲ್ಲರೂ ಅದರ ಪಕ್ಕದ ಫ್ಲವರ್ ಮೌಂಡ್‌ಗೆ ಶಿಫ್ಟ್ ಆಗಿ ನಾಲ್ಕು ತಿಂಗಳಾಗಿತ್ತು. ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಯಾರಿದ್ದರು?

"ಡ್ಯಾಡಿ ಮೊದಲಿನಂಗ ಇಲ್ಲ ಮಾಮಾ," ಎಂದಳು ಮಗಳು. "ಎರಡು ವರ್ಷದಿಂದ ಮರೀತಿದ್ರು. ನಾನು ನಿಮಗ ಹೇಳಬೇಕಿತ್ತು. ಈಗ ಭಾಳ ಆಗೇದ."

"ನನ್ನ ಮ್ಯಾಲೆ ಸಿಟ್ಟದ ಏನು?"

"ಸಿಟ್ಟಿದ್ರ ಛಲೋ ಇತ್ತು. ಯಾರರೆ ಬೆಟ್ಟದ ಸುದ್ದಿ ತಗದ್ರ, 'ನಾ ಹೋಗೇ ಇಲ್ಲ, ನಿಮ್ಮ ಮಾಮಾ ಟೆಸ್ಟ್ ಮಾಡಿ ನೋಡ್ಯಾನ' ಅಂತಾರ. ಸೀರಿಯಸ್ಸಾಗಿ ಅಂತಾರ ಮಾಮಾ. ಅವರಿಗೆ ಅದು ನೆನಪ ಬರವಲ್ದು. ನೀವು ಹೇಳಿದ್ದೊಂದು ನೆನಪದ."

ಮರುದಿನ ಬೆಳಿಗ್ಗೆ ಸೇಠರಿಗೆ ರಜೆ ಹೇಳಿ ಹೊರಟೆ. ಹ್ಯೂಸ್ಟನ್ನಿನಿಂದ ಡ್ಯಾಲಸ್‌ವರೆಗಿನ ದಾರಿಯಲ್ಲಿ ಕಣ್ಣು ತಡೆದು ನಿಲ್ಲಿಸುವ ಒಂದು ಗುಡ್ಡವೂ ಇಲ್ಲ. ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಹೋದೆ, ಅವು ಜೋಡಿಕೊಳ್ಳಲಿಲ್ಲ.

ಭಾವ ಹಿತ್ತಲಿನ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಮೈ ಇಳಿದಿತ್ತು. ನನ್ನ ಗುರುತು ಸಿಕ್ಕಿತು, ಮೇಲಿನಿಂದ ಕೆಳಗೆ ನೋಡಿ, "ಏನೋ, ಭಾಳ ದಿವ್ಸಕ್ಕ? ಅಕ್ಕ ಕಳಿಸಿದಳೇನು?" ಎಂದರು. ನಾನು ಇನ್ನೊಂದು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತೆ. ಮಗಳು ಗ್ಯಾರೇಜಿನ ಪೆಟ್ಟಿಗೆಯೊಂದರಿಂದ ಕಲ್ಲನ್ನು ಹುಡುಕಿ ತಂದುಕೊಟ್ಟು ಒಳಗೆ ಹೋದಳು.

ನಾನು ಅವರೆದುರು ಬಿಳಿಯ ತಟ್ಟೆಯಿಟ್ಟು ಕಲ್ಲಿನ ಒಡೆದ ಮಗ್ಗುಲನ್ನು ಚಾಕುವಿನಿಂದ ಕೆರೆದೆ. ನಿಂಬೆ ಹಿಂಡಿದೆ. ಗುಳ್ಳೆಗಳೆದ್ದವು.

"ನೋಡ್ರಿ ಭಾವಾ. ನಾ ತಪ್ಪು ಮಾಡಿದೆ. ಅವತ್ತ ಪುಡಿ ಮಾಡಿ ನೋಡಬೇಕಿತ್ತು. ಇದು ಆ ಬೆಟ್ಟದ್ದ ಇರಬೇಕು."

ಅವರು ತಟ್ಟೆಯತ್ತ ಬಗ್ಗಿ ನೋಡಿದರು, ಸಭ್ಯತೆಗಾಗಿ. "ಯಾವ ಬೆಟ್ಟ?"

"ನೀವು ಹತ್ತಿದ್ದು."

"ನಾ ಹತ್ತಿಲ್ಲೋ. ನೀನ ಅಂದಿದ್ದಿ. ಎಲ್ಲರ ಮುಂದ ಅಂದಿ. ನೀ ಸುಮ್ಮಸುಮ್ಮನ ಅನ್ನಾಂವಲ್ಲ, ಓದಿದಾಂವ."

ನನ್ನ ಜೀವಮಾನದಲ್ಲಿ ನನ್ನ ಮಾತನ್ನು ಯಾರೂ ಇಷ್ಟು ಪೂರ್ತಿಯಾಗಿ ನಂಬಿರಲಿಲ್ಲ. ಅವರ ಮುಖದಲ್ಲಿ ಕೊಂಕು ಇರಲಿಲ್ಲ, ಸೋಲೂ ಇರಲಿಲ್ಲ. ತಾರುಣ್ಯದ ಒಂದು ದಿನ ಅವರಿಂದ ಕಳಚಿ ಬಿದ್ದಿತ್ತು. ಅದು ಬಿದ್ದದ್ದು ಕೂಡ ಅವರಿಗೆ ಗೊತ್ತಿರಲಿಲ್ಲ. ಅದನ್ನು ಅವರ ಕೈಯಿಂದ ಉದುರಿಸಿದವನು ನಾನು. ಮತ್ತು ಅದು ಇಡಿಯಾಗಿ, ಎಲ್ಲ ಆವೃತ್ತಿಗಳ ಸಮೇತ, ಈಗ ನನ್ನೊಬ್ಬನಲ್ಲಿಯೇ ಇತ್ತು.

ಬೇರೇನೂ ತೋಚದೆ ನಾನು ಹೇಳತೊಡಗಿದೆ. ಕಣಿವೆಯ ಊರಿಗೆ ರೈಲಿನಲ್ಲಿ ಬಂದು ಇಳಿದದ್ದು. ಸಂಜೆ ಗುಡಿಸಲಿನಂಥ ತಂಗುಮನೆಯಲ್ಲಿ ಹುಲ್ಲಿನ ಹಾಸಿಗೆಯ ಮೇಲೆ ಮಲಗಿದ್ದು, ಯಾರದೋ ಗೊರಕೆ. ಜಲ್ಲಿಯ ಇಳಿಜಾರಿನಲ್ಲಿ ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರಿದ್ದು. ಉಕ್ಕಿನ ಹಗ್ಗ ಅಂಗೈಯನ್ನು ಸುಡುವಷ್ಟು ತಣ್ಣಗಿದ್ದದ್ದು. ನಡುವೆ ಒಂದು ಕಡೆ ಕಾಲು ಅಲುಗಾಡದೆ, ಬಂಡೆಗೆ ಕೆನ್ನೆ ಹಚ್ಚಿ ನಿಂತು ಅತ್ತದ್ದು. ಗೆಳೆಯರಿಬ್ಬರೂ ಬೈಯದೆ, ನಗದೆ, ಕಾಲು ಗಂಟೆ ಸುಮ್ಮನೆ ಕಾದದ್ದು. ಈ ಅಳುವಿನ ಭಾಗವನ್ನು ಅವರು ಒಂದು ಸಲವೂ ಬಿಟ್ಟಿರಲಿಲ್ಲ, ಒಂದು ಸಲವೂ ಬದಲಿಸಿರಲಿಲ್ಲ. ಸುಳ್ಳು ಕಟ್ಟುವವನು ತಾನು ಅತ್ತದ್ದನ್ನು ಏಕೆ ಕಟ್ಟಿಕೊಳ್ಳುತ್ತಾನೆ? ಹೊರಟ ಗಂಟೆಯನ್ನು ತಾಳೆ ನೋಡುತ್ತಿದ್ದ ನನಗೆ ಮೂವತ್ತು ವರ್ಷ ಇದು ಹೊಳೆದಿರಲಿಲ್ಲ; ಹೇಳುತ್ತ ಹೇಳುತ್ತ, ಆ ಪಡಸಾಲೆಯಲ್ಲಿ ಹೊಳೆಯಿತು.

ಭಾವ ಬೇರೊಬ್ಬರ ಕಥೆಯೆಂಬಂತೆ ಕೇಳುತ್ತಿದ್ದರು. "ಪಾಪ," ಎಂದರು, ಅಳುವಿನ ಭಾಗ ಬಂದಾಗ. ಆಮೇಲೆ, "ನೀನೂ ಇದ್ದಿ ಹೌದಿಲ್ಲೋ ಅಲ್ಲೆ?" ಎಂದು ಕೇಳಿದರು.

ಇದ್ದೆ ಎನ್ನುವುದು ಬಹಳ ಸುಲಭವಿತ್ತು. ಅವರಿಗೂ ಜೊತೆಯಾಗುತ್ತಿತ್ತು, ನನಗೂ.

"ಇಲ್ಲ ಭಾವಾ. ನಾ ಇರಲಿಲ್ಲ. ನೀವ ಹೇಳಿದ್ದು ಕೇಳೇನಿ ಅಷ್ಟ."

"ನಾ ಹೇಳಿದ್ದು ಖರೇ ಅಂತ ಏನ ಗ್ಯಾರಂಟಿ?"

"ಗ್ಯಾರಂಟಿ ಇಲ್ಲ. ಆದ್ರ ನಾ ನಂಬತೀನಿ."

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನೀ ನಂಬತಿ?" ಎಂದರು. "ಅದನ್ನ ಮಾತ್ರ ನಾ ನಂಬೂದಿಲ್ಲ."

ಮಗಳು ಒಳಗಿನಿಂದ ಊಟಕ್ಕೆ ಕರೆದಳು. ನಾನು ಏಳಲಿಲ್ಲ. ಇಳಿದು ಬಂದದ್ದನ್ನು ಇನ್ನೂ ಹೇಳಿರಲಿಲ್ಲ, ಅದನ್ನೂ ಹೇಳಿದೆ. ಮೊಣಕಾಲು ಹಿಡಿದುಕೊಂಡು ತಂಗುಮನೆಗೆ ಬಂದದ್ದು, ಒಲೆಯ ಪಕ್ಕದ ಬೆಂಚು, ಹಣ್ಣುಹಣ್ಣು ಮುದುಕಿಯೊಬ್ಬಳು ಮಣ್ಣಿನ ಬಟ್ಟಲಲ್ಲಿ ಬಿಸಿ ಹಾಲು ತಂದುಕೊಟ್ಟದ್ದು.

"ಹಾಲಲ್ಲ," ಎಂದರು ಭಾವ.

ನಾನು ನಿಲ್ಲಿಸಿದೆ. ಅವರು ಹಿತ್ತಲಿನ ಬೇಲಿಯ ಕಡೆ ನೋಡುತ್ತಿದ್ದರು.

"ಸೂಪು. ಬಟಾಟಿ ಸೂಪು. ಉಪ್ಪು ಕಮ್ಮಿ ಇತ್ತು."

"ಇಲ್ಲ ಭಾವಾ, ನೀವು ಮೊದಲೆಲ್ಲಾ ಹಾಲು ಅಂದಿದ್ರಿ. ನಾಲ್ಕು ಸಲ ಅಂದಿದ್ರಿ. ನನಗ ಛಲೋ ನೆನಪದ."

ಅವರು ನನ್ನ ಕಡೆ ತಿರುಗಿದರು. ಹುಬ್ಬು ಗಂಟಿಕ್ಕಿತ್ತು. ದನಿ ಒಮ್ಮೆಲೇ ಏರಿತು. ಒಳಗೆ ತಟ್ಟೆ ಹಾಕುತ್ತಿದ್ದ ಮಗಳು ಬಾಗಿಲಿಗೆ ಬಂದು ನಿಂತಳು.

"ಕುಡದಾಂವ ನಾನೋ, ನೀನೋ?"